ಹಾಡುವವರ ಎಡಗಡೆ ಕೂತು

ಸಂಗೀತ ವಿಭಾಗದ ಪ್ರವೇಶ ಪರೀಕ್ಷೆಯ ದಿನ ಹಾಡುವವರ ಬಲಕ್ಕೆ ತಬಲಾ, ಎಡಕ್ಕೆ ಹಾರ್ಮೋನಿಯಂ ಇರುತ್ತದೆ. ಎದುರಿಗೆ ಉದ್ದ ಮೇಜಿನ ಹಿಂದೆ ಪರೀಕ್ಷಕರು. ಅವರಿಗೆ ಅಭ್ಯರ್ಥಿಯ ಇಡೀ ಮುಖ ಕಾಣುತ್ತದೆ. ಹಾರ್ಮೋನಿಯಂ ನುಡಿಸುವ ನನಗೆ ಕಂಡದ್ದು ಯಾವಾಗಲೂ ಎಡಗಡೆಯ ಅರ್ಧ: ಒಂದು ಕಿವಿ, ಒಂದು ಕೆನ್ನೆ, ಬೆವರನ್ನು ತೊಡೆಗೆ ಒರೆಸಿಕೊಳ್ಳುವ ಒಂದು ಕೈ. ಅಷ್ಟು ವರ್ಷ ಆ ಜಾಗದಲ್ಲಿ ಕೂತ ಮೇಲೆ, ಬಾಯಿ ತೆರೆಯುವ ಮೊದಲೇ ಆ ಕೈ ನೋಡಿ ಇವರ ಷಡ್ಜ ನಿಲ್ಲುತ್ತದೋ ಇಲ್ಲವೋ ಹೇಳಬಲ್ಲೆ ಅಂತ ತಿಳಿದುಕೊಂಡಿದ್ದೆ. ಎಷ್ಟೋ ಸಲ ಅದು ಸುಳ್ಳಾಯಿತು.

ನಾನು ನಿವೃತ್ತಳಾಗಿ ಈಗ ಆ ಜಾಗಕ್ಕೆ ಧಾರವಾಡದಲ್ಲಿ ಕಲಿತ ತರುಣಿಯೊಬ್ಬಳು ಬಂದಿದ್ದಾಳೆ. ಕೆಲಸಕ್ಕೆ ಸೇರಿದ ವಾರವೇ ಫೋನ್ ಮಾಡಿ, “ಅಕ್ಕಾವ್ರ, ಆರ್ಡರಿನಾಗ ‘ಗಾಯನಕ್ಕೆ ಸಾಥ್ ನೀಡುವುದು’ ಅಂತಷ್ಟ ಬರದಾರ್ರಿ. ಪರೀಕ್ಷಾ ದಿನ ನಾ ಖರೇ ಏನು ಮಾಡಬೇಕು?” ಅಂತ ಕೇಳಿದಳು. ಫೋನಿನಲ್ಲಿ ಹೇಳುವಂಥ ಉತ್ತರ ನನ್ನಲ್ಲಿರಲಿಲ್ಲ. ಅವಳಿಗಾಗಿ, ಅವಳಂತೆ ಮುಂದೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ವಿಷಯ ಇದರಲ್ಲಿಲ್ಲ. ಶಾಲುಗಳನ್ನು ಮೊಮ್ಮಕ್ಕಳು ಹೊದ್ದುಕೊಳ್ಳುತ್ತಾರೆ.

ನಾನು ವಿಜಯಪುರದವಳು. ತಂದೆ ಶಾಲೆಯಲ್ಲಿ ಗುಮಾಸ್ತರು, ಸಂಜೆ ಭಜನೆಗೆ ಪೇಟಿ ನುಡಿಸುತ್ತಿದ್ದರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಲೇ ಹೆಸರು. ಗಂಡನಿಗೆ ಅಂಚೆ ಇಲಾಖೆಯಲ್ಲಿ ನಾಸಿಕಕ್ಕೆ ವರ್ಗವಾಗಿ ಅಲ್ಲಿಗೆ ಹೋದಾಗ ನನಗೆ ಗೊತ್ತಿದ್ದ ಮರಾಠಿ ಶಬ್ದ ಅದೊಂದೇ, ಯಾಕೆಂದರೆ ಅವರೂ ಪೇಟಿ ಅಂತಲೇ ಅನ್ನುತ್ತಾರೆ. ಆ ಒಂದು ಶಬ್ದ ಹಿಡಿದುಕೊಂಡು ಪಂಚವಟಿಯ ಒಂದು ಸಣ್ಣ ಗಾಯನ ಶಾಲೆಯ ಮೆಟ್ಟಿಲು ಹತ್ತಿದೆ. ಮಕ್ಕಳು ಸರಿಗಮ ಹೇಳುವಾಗ ನುಡಿಸುವ ಕೆಲಸ ಸಿಕ್ಕಿತು. ಗಂಡನಿಗೆ ಮತ್ತೆ ವರ್ಗವಾಗಿ ಈಗಿನ ಸಂಭಾಜಿನಗರಕ್ಕೆ ಬಂದೆವು. ಊರಿಗೆ ಆಗ ಬೇರೆ ಹೆಸರಿತ್ತು. ಅಲ್ಲಿ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಪೇಟಿ ಸಾಥಿಯ ಹುದ್ದೆ ಖಾಲಿ ಇದ್ದದ್ದು ನನ್ನ ಅದೃಷ್ಟ. ಕ್ಯಾಂಪಸ್ಸಿನಲ್ಲಿ ನನ್ನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ‘ಪೇಟಿವಾಲ್ಯಾ ಬಾಯಿ’ ಅಂದರೆ ವಾಚ್‌ಮನ್ ಕೂಡ ದಾರಿ ತೋರಿಸುತ್ತಿದ್ದ.

ವಿಭಾಗದ ಮುಖ್ಯಸ್ಥೆ ನಿಂಬಾಳಕರ ಮ್ಯಾಡಂ. ತೆಳ್ಳಗೆ, ಎತ್ತರಕ್ಕೆ, ಯಾವಾಗಲೂ ನೇರ ಕೂರುವ ಹೆಂಗಸು. ಅವರು ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವರ ಧ್ವನಿಯ ಗಡಸು ಮಾತ್ರ ಇದರಲ್ಲಿ ಬರುವುದಿಲ್ಲ.

ಮೊದಲ ವರ್ಷದ ಪ್ರವೇಶ ಪರೀಕ್ಷೆಯಲ್ಲೇ ನಾನು ಎಡವಿದೆ. ಒಬ್ಬ ಹುಡುಗಿ ಬಂದು ಕೂತಳು. ನಿಯಮದಂತೆ “ಪಟ್ಟಿ ಯಾವುದು?” ಅಂತ ಕೇಳಿದೆ. ಪೇಟಿಯ ಯಾವ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುತ್ತೀಯ ಅಂತ ಅದರ ಅರ್ಥ. ಅವಳು “ಕಾಳಿ ಪಾಂಚ್” ಅಂದಳು, ಅಂದರೆ ಐದನೆಯ ಕರಿ ಮನೆ. ನಾನು ಹಿಡಿದುಕೊಟ್ಟೆ. ಮಧ್ಯದವರೆಗೂ ಹೇಗೋ ನಡೆಯಿತು. ಮೇಲಿನ ಷಡ್ಜಕ್ಕೆ ಹೋದ ಕೂಡಲೇ ಹಸಿ ಬಿದಿರು ಸೀಳಿದ ಹಾಗೆ ಧ್ವನಿ ಒಡೆಯಿತು. ಹುಡುಗಿ ಅಳುತ್ತ ಎದ್ದು ಹೋದಳು.

ಮ್ಯಾಡಂ ನನ್ನನ್ನು ತಮ್ಮ ಕೋಣೆಗೆ ಕರೆದರು.

“ಅವಳಿಗೆ ಆ ಪಟ್ಟಿ ಯಾಕೆ ಕೊಟ್ಟಿರಿ?”

“ಅವಳೇ ಹೇಳಿದಳು ಮ್ಯಾಡಂ.”

“ಅವಳ ಗುರುವಿನ ಪಟ್ಟಿ ಅದು. ಗುರು ಹೇಳಿಕೊಟ್ಟದ್ದನ್ನು ಹೆದರಿಕೆಯಲ್ಲಿ ಒಪ್ಪಿಸಿದಳು. ಅವಳು ಒಳಗೆ ಬಂದು ನಮಸ್ಕಾರ ಅಂದದ್ದು ನಿಮಗೆ ಕೇಳಿಸಲಿಲ್ಲವೇ? ಆ ನಮಸ್ಕಾರ ಎಷ್ಟು ಕೆಳಗಿತ್ತು? ಇನ್ನು ಮುಂದೆ ಪಟ್ಟಿ ಕೇಳಬೇಡಿ. ಊಟ ಆಯ್ತಾ ಅಂತ ಕೇಳಿ. ಏನು ತಿಂದೆ ಅಂತ ಕೇಳಿ. ಮಾತಾಡುವ ಧ್ವನಿ ಎಲ್ಲಿದೆಯೋ ಹಾಡುವ ಧ್ವನಿ ಅದರ ನೆರೆಮನೆಯಲ್ಲೇ ಇರುತ್ತದೆ.”

ಮಾರನೆಯ ದಿನ ಅವರೇ ಆ ಹುಡುಗಿಯನ್ನು ಮತ್ತೆ ಕರೆಸಿ ಎರಡು ಮನೆ ಕೆಳಗೆ ಹಾಡಿಸಿದರು. ಅವಳಿಗೆ ಸೀಟು ಸಿಕ್ಕಿತು. ಅಂದಿನಿಂದ ನಿವೃತ್ತಿಯವರೆಗೂ ನನ್ನ ಪಕ್ಕ ಬಂದು ಕೂತ ಪ್ರತಿಯೊಬ್ಬರನ್ನೂ ಏನು ತಿಂದು ಬಂದೆ ಅಂತ ಕೇಳಿದೆ. ಮರಾಠವಾಡಾದ ಮಕ್ಕಳು ಪರೀಕ್ಷೆಯ ದಿನ ಏನು ತಿನ್ನುತ್ತಾರೆ ಅನ್ನುವುದರ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಇರಲಾರರು. ಹೆಚ್ಚಿನವರು ಏನೂ ತಿಂದಿರುವುದಿಲ್ಲ.

ನನ್ನ ಕಣ್ಣ ಮುಂದೆಯೇ ತಂಬೂರಿಯ ಕಾಲ ಹೋಗಿ ಮಶೀನಿನ ತಂಬೂರಿ ಬಂತು, ಅದೂ ಹೋಗಿ ಮೊಬೈಲಿನ ತಂಬೂರಿ ಬಂತು. ಹತ್ತಿರದ ಸಿಲ್ಲೋಡಿನ ಒಬ್ಬ ತರುಣನ ಸಂಗತಿ ಹೇಳಬೇಕು. ಅಪ್ಪನದು ಮೆಕ್ಕೆಜೋಳ, ಹತ್ತಿಯ ವ್ಯಾಪಾರ. ಮೊಬೈಲನ್ನು ಮುಂದಿಟ್ಟುಕೊಂಡು ತಂಬೂರಿ ಹಚ್ಚಿ, ಕಣ್ಣು ಮುಚ್ಚಿ ಆಲಾಪ ಸುರು ಮಾಡಿದ. ಚೆನ್ನಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಅದೇ ಮೊಬೈಲಿಗೆ ಅಪ್ಪನ ಫೋನು ಬಂತು. ತಂಬೂರಿ ನಿಂತು ಮದುವೆ ಬ್ಯಾಂಡಿನಂಥ ರಿಂಗ್‌ಟೋನ್ ಹೊಡೆದುಕೊಳ್ಳತೊಡಗಿತು. ತಬಲಾದ ರಫೀಕ್ ಭಾಯಿ ತುಟಿ ಕಚ್ಚಿಕೊಂಡು ನೆಲ ನೋಡಿದರು. ಪರೀಕ್ಷಕರಲ್ಲಿ ಒಬ್ಬರು ಪೆನ್ನು ಕೆಳಗಿಟ್ಟರು. ಹುಡುಗ ಮಾತ್ರ ಕಣ್ಣು ತೆರೆಯಲಿಲ್ಲ. ಷಡ್ಜ ಹಿಡಿದುಕೊಂಡೇ ಕೂತಿದ್ದ. ರಿಂಗ್ ನಿಂತು ತಂಬೂರಿ ತಾನಾಗಿ ಮತ್ತೆ ಬಂದಾಗ ಅವನ ಷಡ್ಜ ಬಿಟ್ಟ ಜಾಗದಲ್ಲೇ ಇತ್ತು.

ಹೊರಗೆ ಬಂದ ಮೇಲೆ ಅವನು ಮುಖ ಸಣ್ಣಗೆ ಮಾಡಿಕೊಂಡು, “ನಾಪಾಸ್ ಕಾ, ಬಾಯಿ?” ಅಂತ ಕೇಳಿದ. ಮರಾಠಿಯಲ್ಲಿ ಶಿಕ್ಷಕಿಯನ್ನು ಬಾಯಿ ಅಂತ ಕರೆಯುತ್ತಾರೆ. ನಾನು ಏನೂ ಹೇಳುವ ಹಾಗಿರಲಿಲ್ಲ. ಸುಮ್ಮನೆ ಬೆನ್ನು ತಟ್ಟಿ ಕಳಿಸಿದೆ. ಆ ವರ್ಷದ ಆಯ್ಕೆಪಟ್ಟಿಯಲ್ಲಿ ಅವನ ಹೆಸರು ಮೊದಲಿತ್ತು. ಮುಂದಿನ ವರ್ಷದಿಂದ ಬಾಗಿಲಲ್ಲೇ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು.

ಲಾಕ್‌ಡೌನಿನ ಕಾಲದಲ್ಲಿ ಪರೀಕ್ಷೆಯೆಲ್ಲ ಕಂಪ್ಯೂಟರಿನಲ್ಲಿ ನಡೆಯಿತು. ಅಲ್ಲಿ ಸಾಥ್ ಸಾಧ್ಯವೇ ಇಲ್ಲ. ಅವರು ಹಾಡಿದ್ದು ನಮಗೆ ತಡವಾಗಿ ಬರುತ್ತದೆ, ನಾವು ನುಡಿಸಿದ್ದು ಅವರಿಗೆ ಇನ್ನೂ ತಡವಾಗಿ ಹೋಗುತ್ತದೆ. ಆದರೂ ಮ್ಯಾಡಂ ನನ್ನನ್ನು ಪೇಟಿಯ ಸಮೇತ ಪರದೆಯ ಮುಂದೆ ಕೂರಿಸಿದರು. “ನುಡಿಸಬೇಡಿ. ಸುಮ್ಮನೆ ಕೂತಿರಿ. ಪಾಪ, ಒಬ್ಬರೇ ಕೋಣೆಯಲ್ಲಿ ಕೂತು ಗೋಡೆಗೆ ಹಾಡುತ್ತಾರೆ. ಪೇಟಿ ಕಂಡರೆ ಪರೀಕ್ಷೆ ಅನ್ನಿಸುತ್ತದೆ,” ಅಂದರು. ನನ್ನ ವೃತ್ತಿಯಲ್ಲಿ ತಿದಿಯ ಕೊಂಡಿಯನ್ನೂ ಬಿಚ್ಚದೆ ಸಂಬಳ ತೆಗೆದುಕೊಂಡದ್ದು ಆ ಒಂದು ವರ್ಷ.

ಮ್ಯಾಡಂ ಪ್ರತಿವರ್ಷ ಪರೀಕ್ಷೆಯ ಬೆಳಿಗ್ಗೆ ನನಗೂ ರಫೀಕ್ ಭಾಯಿಗೂ ಹೇಳುತ್ತಿದ್ದ ಮಾತು ಒಂದಿತ್ತು. “ಸಾಥ್ ಅಂದರೆ ಜೊತೆಗೆ ನಡೆಯುವುದು. ಕೈ ಹಿಡಿದು ಎಳೆಯುವುದಲ್ಲ.” ಕೇಳಲು ಸುಲಭ. ಹಾಡುವವರು ಸ್ವರ ಹುಡುಕುತ್ತಿರುವಾಗ ಅದು ನಮ್ಮ ಬೆರಳಿನ ಕೆಳಗೇ ಇರುತ್ತದೆ. ಸ್ವಲ್ಪ ಒತ್ತಿದರೆ ಸಾಕು, ಅವರಿಗೆ ದಾರಿ ಸಿಗುತ್ತದೆ, ಮೇಜಿನ ಹಿಂದೆ ಕೂತವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಆಚೆ ಬಾಗಿಲಲ್ಲಿ ಕಾಯುತ್ತಿರುವ ಮುಂದಿನವರಿಗೆ ಅದು ಅನ್ಯಾಯ. ಕಛೇರಿಯಲ್ಲಿ ನುಡಿಸುವುದಕ್ಕೂ ಪರೀಕ್ಷೆಯಲ್ಲಿ ನುಡಿಸುವುದಕ್ಕೂ ಇರುವ ವ್ಯತ್ಯಾಸ ಇದು. ಹಾಡುವವರು ಹೋದಲ್ಲಿ ಹೋಗಬೇಕು, ಅವರಿಗಿಂತ ಮುಂಚೆ ಎಲ್ಲಿಗೂ ಹೋಗಬಾರದು. ಅಂಬಿಕಾ ಬರುವವರೆಗೂ ನನಗೆ ಇದು ಕಷ್ಟವಾಗಿರಲಿಲ್ಲ.

ನಮ್ಮ ಸಿಡ್ಕೋ ಬಡಾವಣೆಯ ಸಂತೆಯಲ್ಲಿ ಒಂದು ಭಾನುವಾರ ಮೆಂತೆಸೊಪ್ಪು ಆರಿಸುತ್ತ ವಿಜಯಪುರದ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಚೀಲ ಕೆಳಗಿಟ್ಟು ನನ್ನನ್ನೇ ನೋಡುತ್ತ ನಿಂತಳು. ಫೋನ್ ಇಟ್ಟ ಕೂಡಲೇ ಕೇಳಿದಳು.

“ಅಕ್ಕಾವ್ರ, ನೀವು ವಿಜಾಪುರ ಕಡೇದವ್ರೇನ್ರಿ?”

ಶಾಂತಮ್ಮ ಇಂಡಿ ತಾಲೂಕಿನವಳು. ಗಂಡ ಮಲ್ಲಪ್ಪ ಊರಾಚೆಯ ಶೇಂದ್ರಾದ ಕಡೆ ಕಟ್ಟಡದ ಕೆಲಸದಲ್ಲಿ ಒಂದು ಗುಂಪಿನ ಮುಕಾದಮ, ಅಂದರೆ ಮೇಸ್ತ್ರಿ. ಇವಳೂ ಅದೇ ಗುಂಪಿನಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಏನು ಮಾಡುತ್ತೇನೆ ಅಂತ ಕೇಳಿ ತಿಳಿದುಕೊಂಡವಳೇ ಅಲ್ಲೇ ನನ್ನ ಕೈ ಹಿಡಿದುಕೊಂಡಳು.

“ನನ್ನ ಮಗಳಿಗೆ ಒಂದೀಟು ಹೇಳಿಕೊಡ್ರಿ. ಹನ್ನೆರಡನೇದು ಮುಗಸ್ಯಾಳ. ಸಾಲ್ಯಾಗ ಹಾಡಿನ ಟೀಚರ್ ಆಗ್ತೀನಿ ಅಂತಾಳ. ಅದಕ್ಕ ನಿಮ್ಮ ಯುನಿವರ್ಸಿಟಿ ಪರೀಕ್ಷಾ ಕೊಡಬೇಕಂತಲ್ರಿ.”

ಅಂಬಿಕಾ ಮುಂದಿನ ವಾರ ಬಂದಳು. ಹುಟ್ಟಿದ್ದು ಬೆಳೆದದ್ದು ಇಲ್ಲಿಯ ಸೈಟುಗಳಲ್ಲೇ, ಓದಿದ್ದು ಮರಾಠಿ ಶಾಲೆಯಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಕನ್ನಡ ಪೂರಾ ತಿಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಶಾಲೆಯ ಒಬ್ಬ ಶಿಕ್ಷಕರು ಹೇಳಿಕೊಟ್ಟು ಸಂಗೀತದ ಎರಡು ಸಣ್ಣ ಪರೀಕ್ಷೆ ಕಟ್ಟಿಸಿದ್ದರು. ಧ್ವನಿ ಅದ್ಭುತವೇನೂ ಅಲ್ಲ. ಅಂಥ ಧ್ವನಿಗಳನ್ನು ಪ್ರತಿವರ್ಷ ಕೇಳುತ್ತಿದ್ದೆ. ಆದರೆ ಹುಡುಗಿ ಹಟಮಾರಿ. ಒಂದು ಪಲುಕು ಬರುವವರೆಗೂ ನೀರು ಕುಡಿಯಲು ಏಳುತ್ತಿರಲಿಲ್ಲ.

ಭೀಮಪಲಾಸಿ ರಾಗದ ಒಂದು ಮಧ್ಯಲಯದ ಬಂದಿಶ್ ಆರಿಸಿಕೊಂಡೆವು. ನಾನು ಪೇಟಿ ನುಡಿಸುತ್ತಿದ್ದೆ, ಅವಳು ಹಾಡುತ್ತಿದ್ದಳು. ದಿನದಿನಕ್ಕೆ ಚೆನ್ನಾಗಿ ಬರುತ್ತಿದೆ ಅಂತ ನನಗೆ ಸಂತೋಷ. ಒಂದು ದಿನ ಬಾಗಿಲಲ್ಲಿ ಹಾಲಿನವನು ಕೂಗಿದ. ಆ ಕಡೆ ನೋಡುವಾಗ ನನ್ನ ಬೆರಳು ಜಾರಿ ರಾಗದಲ್ಲಿಲ್ಲದ ಸ್ವರವೊಂದನ್ನು ಮುಟ್ಟಿತು. ಅಂಬಿಕಾ ಕಣ್ಣು ಮುಚ್ಚಿಕೊಂಡು, ಭಾವ ತುಂಬಿ, ಅದೇ ತಪ್ಪು ಸ್ವರ ಹಾಡಿದಳು.

ನಾನು ತಿದಿ ನಿಲ್ಲಿಸಿದೆ. ಅಷ್ಟು ದಿನ ಹಾಡುತ್ತಿದ್ದದ್ದು ಪೇಟಿ, ಅವಳು ಅದರ ಹಿಂದೆ ಬರುತ್ತಿದ್ದಳು.

“ನಾಳೆಯಿಂದ ಪೇಟಿ ಇಲ್ಲ,” ಅಂದೆ.

“ಬಾಯಿ, ಪೇಟೀಶಿವಾಯ್ ಮಲಾ ನಾಹೀ ಜಮತ್.” ಪೇಟಿ ಇಲ್ಲದೆ ನನಗಾಗುವುದಿಲ್ಲ ಅಂದಳು.

“ಆಗೂದಿಲ್ಲ ಅಂತನ ಇಲ್ಲ ಅನ್ನಾಕತ್ತೀನಿ.”

ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಂಬೂರಿಯೊಂದನ್ನೇ ಇಟ್ಟುಕೊಂಡು ಹಾಡುವಾಗ ಅವಳ ಸ್ವರಗಳು ಮಳೆಗಾಲದ ಕಾಲುದಾರಿಯಂತೆ ಜಾರುತ್ತಿದ್ದವು. ಮೇಲಿನ ಷಡ್ಜಕ್ಕೆ ಹೋಗುವಾಗ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ನಿಷಾದದಲ್ಲೇ ನಿಂತುಬಿಡುತ್ತಿದ್ದಳು. ನಾನು ಬೇಕಂತಲೇ ಸಹಾಯ ಮಾಡುತ್ತಿರಲಿಲ್ಲ. ನಿಧಾನವಾಗಿ ಆ ಸ್ವರ ಅವಳಿಗೆ ಸಿಗತೊಡಗಿತು. ಒಂದು ದಿನ ಸಿಕ್ಕರೆ ಇನ್ನೊಂದು ದಿನ ಇಲ್ಲ.

ಅಷ್ಟರಲ್ಲಿ ಶೇಂದ್ರಾದ ಕೆಲಸ ಮುಗಿಯುತ್ತ ಬಂತು. ಮಲ್ಲಪ್ಪನ ಗುಂಪಿಗೆ ಮುಂದಿನ ಕೆಲಸ ನಾಸಿಕದಲ್ಲಿ ಗೊತ್ತಾಗಿತ್ತು. ಶಾಂತಮ್ಮನ ತಂಗಿ ಅಲ್ಲಿ ಅಂಬಡಿನ ಕಾರ್ಖಾನೆಯೊಂದರಲ್ಲಿ ಇದ್ದಳು, ಅಂಬಿಕಾಗೂ ಅಲ್ಲೇ ಕೆಲಸ ಮಾತಾಡಿ ಇಟ್ಟಿದ್ದಳು. ಮಲ್ಲಪ್ಪ ಒಮ್ಮೆ ಮಗಳನ್ನು ಕರೆದುಕೊಂಡು ಹೋಗಲು ಬಂದವನು ಹೊಸ್ತಿಲ ಹೊರಗೇ ನಿಂತು ಹೇಳಿದ.

“ಸೀಟು ಸಿಕ್ಕರ ಹಾಸ್ಟೆಲಿನಾಗ ಇರಲಿ, ಓದಲಿ. ಸಿಗಲಿಲ್ಲಂದ್ರ ನಮ್ಮ ಜೋಡಿ ಬರಲಿ. ಇಕಿನ್ನ ಒಬ್ಬಾಕಿನ್ನ ಎಲ್ಲಿ ಬಿಡೂದ್ರಿ?”

ಅದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ.

ಪರೀಕ್ಷೆಗೆ ಮೊದಲು ಮ್ಯಾಡಂ ಹತ್ತಿರ ಹೋಗಿ, ಈ ಸಲ ಒಬ್ಬ ಹುಡುಗಿ ನನ್ನ ಹತ್ತಿರ ಕಲಿತವಳು, ಅವಳಿಗೆ ನಾನು ನುಡಿಸುವುದು ಸರಿಯಲ್ಲ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಬೇರೆ ಪೇಟಿಯವರು ಯಾರಿದ್ದಾರೆ?”

“ಯಾರೂ ಇಲ್ಲ.”

“ಹಾಗಾದರೆ ನುಡಿಸಿ. ಎಲ್ಲರಿಗೂ ನುಡಿಸಿದ ಹಾಗೆ ನುಡಿಸಿ. ಪರೀಕ್ಷಕರಿಗೆ ನಾನೇ ಹೇಳಿರುತ್ತೇನೆ. ಅವಳ ಅಂಕದ ವಿಷಯಕ್ಕೆ ನಾನು ಬರುವುದಿಲ್ಲ, ಹೊರಗಿನ ಇಬ್ಬರೇ ಕೊಡಲಿ.”

ಹಾಗೆಯೇ ಮಾಡಿದರು. ಅಂಬಿಕಾ ಒಳಗೆ ಬಂದಾಗ ಮೇಜಿನ ಹಿಂದಿದ್ದ ಇಬ್ಬರಿಗೂ ಎಲ್ಲ ಗೊತ್ತಿತ್ತು. ಅವರ ಕಣ್ಣು ಅವಳಿಗಿಂತ ಹೆಚ್ಚು ನನ್ನ ಕೈಯ ಮೇಲಿತ್ತು.

ಅವಳು ಸುರು ಮಾಡಿದ್ದು ಚೆನ್ನಾಗಿತ್ತು. ಆಲಾಪದಲ್ಲಿ ಆತುರವಿರಲಿಲ್ಲ. ಬಂದಿಶಿನ ಮೊದಲ ಸಾಲು ತಾಳದ ಸಮದ ಮೇಲೆ ಸರಿಯಾಗಿ ಬಂದು ಕೂತಾಗ ರಫೀಕ್ ಭಾಯಿ ತಲೆದೂಗಿದರು. ಆಮೇಲೆ ಬಂದಿಶಿನ ಎರಡನೆಯ ಭಾಗ ಅಂತರಾ ಬಂತು. ಧ್ವನಿ ಮೇಲೇರಿ ಷಡ್ಜ ಮುಟ್ಟಬೇಕು. ಅವಳು ಏರಿದಳು, ನಿಷಾದದಲ್ಲಿ ನಿಂತಳು. ಸ್ವರ ತುಸು ಇಳಿದೂ ಇತ್ತು. ಇನ್ನೊಮ್ಮೆ ಪ್ರಯತ್ನಿಸಿದಳು, ಅಲ್ಲೇ ನಿಂತಳು. ಆಗ ಅವಳ ಕಣ್ಣು ಎಡಕ್ಕೆ ಸರಿದು ನನ್ನ ಬೆರಳಿಗೆ ಬಂತು.

ಬೆರಳು ಷಡ್ಜದ ಮನೆಯ ಮೇಲೇ ಇತ್ತು. ಒತ್ತಿರಲಿಲ್ಲ ಅಷ್ಟೇ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಮ್ಯಾಡಂ ಮಾತೂ ಇರಲಿಲ್ಲ, ಬಾಗಿಲಾಚೆಯ ಮುಂದಿನವರೂ ಇರಲಿಲ್ಲ. ಇದನ್ನು ಒತ್ತಿದರೆ ಇವಳು ಇಲ್ಲೇ ಉಳಿಯುತ್ತಾಳೆ, ಇಲ್ಲವಾದರೆ ಅಂಬಡಿಗೆ ಹೋಗುತ್ತಾಳೆ ಅಂತ ಅಷ್ಟೇ ಇತ್ತು. ಬೆರಳು ಅಲ್ಲೇ ಇದ್ದರೆ ಒತ್ತಿಬಿಡುತ್ತೇನೆ ಅಂತ ನನಗೆ ಗೊತ್ತಾಯಿತು. ಕೈಯನ್ನು ಪೂರ್ತಿ ಎತ್ತಿ ಮಡಿಲಲ್ಲಿಟ್ಟುಕೊಂಡೆ. ತಿದಿಯ ಕೈಯನ್ನೂ ಬಿಟ್ಟೆ. ಪೇಟಿ ಉಸಿರು ಬಿಟ್ಟು ಸುಮ್ಮನಾಯಿತು.

ಅಂಬಿಕಾ ಹಾಡು ನಿಲ್ಲಿಸಿದಳು. ತಲೆ ಪೂರ್ತಿ ತಿರುಗಿಸಿ ನನ್ನ ಮುಖ ನೋಡಿದಳು. ಬಹಳ ಹೊತ್ತು ಅನ್ನಿಸುವಷ್ಟು ನೋಡಿದಳು. ಆಮೇಲೆ ರಫೀಕ್ ಭಾಯಿಗೆ ಮರಾಠಿಯಲ್ಲಿ “ಕಾಕಾ, ಥಾಂಬಾ ಜರಾ” ಅಂತ ಹೇಳಿ ತಬಲಾ ನಿಲ್ಲಿಸಿದಳು. ಪರೀಕ್ಷಕರಿಗೆ, ಅಂತರಾ ಮತ್ತೆ ಹಾಡುತ್ತೇನೆ ಅಂದಳು. ತಂಬೂರಿಯೊಂದರ ಜೊತೆ, ಲಯ ತಗ್ಗಿಸಿ, ಮತ್ತೆ ಏರಿದಳು. ಈ ಸಲ ಷಡ್ಜ ಸಿಕ್ಕಿತು. ನಡುಗುತ್ತಿತ್ತು, ಆದರೆ ಷಡ್ಜವೇ. ಹಾಡು ಮುಗಿಸಿದವಳು ಮೇಜಿನ ಕಡೆ ನಮಸ್ಕಾರ ಮಾಡುವ ಮೊದಲು ತನ್ನ ನೀರಿನ ಬಾಟಲಿಯನ್ನು ನನ್ನ ಕೈಯ ಹತ್ತಿರ ಇಟ್ಟಳು. ಗುರುಭಕ್ತಿ ಅಂತ ತಿಳಿದುಕೊಂಡೆ.

ಆಯ್ಕೆಪಟ್ಟಿ ಬಂದಾಗ ಅವಳ ಹೆಸರು ಆಯ್ಕೆಯಾದವರ ಕೆಳಗೆ, ಸೀಟು ಖಾಲಿಯಾದರೆ ಕರೆಯುವವರ ಸಾಲಿನಲ್ಲಿತ್ತು. ಮಲ್ಲಪ್ಪನ ಸಾಮಾನು ಆಗಲೇ ಟೆಂಪೋ ಹತ್ತಿತ್ತು. ಶಾಂತಮ್ಮ ಹೋಗುವ ಮುಂಚೆ ನನಗೆ ಜೋಳದ ಹಿಟ್ಟು ಕೊಟ್ಟು ಹೋದಳು. ಅಂಬಿಕಾ ಟೆಂಪೋದಿಂದ ಇಳಿಯಲಿಲ್ಲ.

ಆ ದಿನಗಳಲ್ಲಿ ನಾನು ಈ ಸಂಗತಿಯನ್ನು ಒಂದಿಬ್ಬರಿಗೆ ಹೇಳಿದೆ. ಕೈ ಎತ್ತಿದ್ದರಿಂದ ಹುಡುಗಿಗೆ ತನ್ನ ಕಾಲ ಮೇಲೆ ನಿಲ್ಲುವ ಧೈರ್ಯ ಬಂತು ಅಂತ ಸೇರಿಸಿ ಹೇಳುತ್ತಿದ್ದೆ. ಹೇಳುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ. ಮನೆಗೆ ಬಂದು ಒಬ್ಬಳೇ ಕೂತಾಗ ಆ ಹೆಮ್ಮೆ ಉಳಿಯುತ್ತಿರಲಿಲ್ಲ. ಒತ್ತಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆ ಅಡುಗೆಮನೆಯಲ್ಲಿ ನನ್ನ ಹಿಂದೆ ಹಿಂದೆಯೇ ಓಡಾಡುತ್ತಿತ್ತು.

ತರಗತಿಗಳು ಸುರುವಾದ ಮೇಲೆ ಒಂದು ಮಧ್ಯಾಹ್ನ ಮ್ಯಾಡಂ ಕರೆದರು. ಆಯ್ಕೆಯಾದ ಒಬ್ಬಳು ಪುಣೆಗೆ ಹೋಗುತ್ತಿದ್ದಾಳೆ, ಅಂಬಿಕಾಳ ಸರದಿ ಬಂದಿದೆ, ಮರುದಿನ ಬಿಟ್ಟು ಅದರ ಮರುದಿನದ ಸಂಜೆಯೊಳಗೆ ಬಂದು ದಾಖಲಾಗಬೇಕು ಅಂದರು. “ಅವಳ ನಂಬರಿಗೆ ಫೋನು ಹೋಗುತ್ತಿಲ್ಲ. ನಿಮಗೆ ಗೊತ್ತಿದ್ದರೆ ನೋಡಿ. ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇನೆ.”

ಕೊಟ್ಟಿದ್ದದ್ದು ಮಲ್ಲಪ್ಪನ ನಂಬರು. ನಾನೂ ಸಂಜೆಯವರೆಗೆ ಒತ್ತಿ ಒತ್ತಿ ಸೋತೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ನಾಸಿಕಕ್ಕೆ ಹೋದೆ. ಗೊತ್ತಿದ್ದದ್ದು ಇಷ್ಟೇ: ಅಂಬಡು, ನೀರಿನ ಟಾಕಿಯ ಹಿಂದಿನ ಚಾಳು. ಅಂಬಡಿನಲ್ಲಿ ನೀರಿನ ಟಾಕಿಗಳು ಬೇಕಾದಷ್ಟಿವೆ, ಒಂದೊಂದರ ಹಿಂದೆಯೂ ಚಾಳುಗಳಿವೆ. ತಗಡಿನ ಮಾಡಿನ ಕೋಣೆಗಳ ಸಾಲಿನಲ್ಲಿ ಬಿಸಿಲಿಗೆ ಸೆರಗು ಹೊದ್ದು, “ಕಾನಡೀ ಲೋಕ್ ಕುಠೇ ರಾಹತಾತ್?” ಅಂತ ಕನ್ನಡದವರ ಮನೆ ಕೇಳುತ್ತ ನಡೆದೆ. ಒಬ್ಬರು ಬಿಹಾರದವರ ಕೋಣೆ ತೋರಿಸಿದರು, ಇನ್ನೊಬ್ಬರು ತೆಲುಗಿನವರದು. ಕೊನೆಗೆ ಒಂದು ನಲ್ಲಿಯ ಹತ್ತಿರ “ಏ, ಕೊಡ ಸರಸ ಆಕಡೆ” ಅನ್ನುವ ಧ್ವನಿ ಕೇಳಿತು. ಶಾಂತಮ್ಮ.

“ಅಯ್ಯ ಅಕ್ಕಾವ್ರ! ನೀವಿಲ್ಲಿ ಹ್ಯಾಂಗ ಬಂದ್ರಿ?”

ಹೇಳಿದೆ. ಅವಳು ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು ಕೂತುಬಿಟ್ಟಳು.

“ಅವ್ರ ಫೋನು ಸಿಮೆಂಟಿನ ನೀರಾಗ ಬಿದ್ದು ಹಾಳಾಗೇತ್ರಿ. ನಾ ಏನೂ ಹೇಳಂಗಿಲ್ಲರಿ. ಆಕಿನ್ನ ಕೇಳ್ರಿ. ಇಲ್ಲಿಗೆ ಬಂದಾಗಿಂದ ಹಾಡಿಲ್ಲ.”

ಕಾರ್ಖಾನೆ ಅಲ್ಲಿಂದ ಹತ್ತಿರ. ಮೊದಲ ಪಾಳಿ ಬಿಡುವ ಹೊತ್ತು. ಟಿಫಿನ್ ಚೀಲ ಹಿಡಿದ ಹುಡುಗಿಯರು ಗುಂಪುಗುಂಪಾಗಿ ನಗುತ್ತ ಹೊರಬಂದರು. ಅವರ ನಡುವೆ ನೀಲಿ ಏಪ್ರನ್ ಹಾಕಿಕೊಂಡ ಅಂಬಿಕಾಳನ್ನು ನಾನು ಗುರುತಿಸುವ ಮೊದಲು ಅವಳು ನನ್ನನ್ನು ಗುರುತಿಸಿದಳು. ಗೆಳತಿಯರನ್ನು ಮುಂದೆ ಕಳಿಸಿ ಗೇಟಿನ ಪಕ್ಕದ ಬೇವಿನ ನೆರಳಿಗೆ ಬಂದಳು. ಸೀಟಿನ ವಿಷಯ ಹೇಳಿದೆ. ಖುಷಿಯಾಗುತ್ತಾಳೆ ಅಂತ ಕಾದೆ. ಅವಳು ಏಪ್ರನಿನ ದಾರ ಬಿಚ್ಚುತ್ತ ನಿಂತಳು.

“ಇಲ್ಲಿ ಚಲೋ ಐತಿ ಬಾಯಿ,” ಅಂದಳು. ಮರಾಠಿಯಲ್ಲಿ ಹೇಳಿದರೆ ಉತ್ತರ ಕೊಡದ ಚಿಕ್ಕಮ್ಮನ ಜೊತೆ ಇದ್ದು ಇದ್ದು ಕನ್ನಡ ನಾಲಿಗೆಗೆ ಬಂದಿತ್ತು. “ಗಾಡಿಗೆ ಹಾಕೋ ವೈರ್ ಹೆಣೀತೀವಿ. ಕೆಂಪು, ಹಳದಿ, ಹಸರು. ಮೈತ್ರಿಣಿ ಅದಾರ. ನಿನ್ನ ಸೂರ್ ಇಳೀತು ಅಂತ ಇಲ್ಲಿ ಯಾರೂ ಅನ್ನಂಗಿಲ್ಲ.”

ಬಸ್ಸಿನಲ್ಲಿ ಬರುವಾಗ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಬಸ್ಸಿನಲ್ಲೇ ಉಳಿದಿದ್ದವು.

“ಒಂದ ಕೇಳ್ಲಿ?” ಅಂದಳು. “ಪರೀಕ್ಷಾದಾಗ ನೀವು ಕೈ ಯಾಕ ತೆಗದ್ರಿ?”

ನ್ಯಾಯದ ಮಾತು ಹೇಳಬೇಕೆಂದು ಬಾಯಿ ತೆರೆದೆ. ಅವಳು ಕಾಯಲಿಲ್ಲ.

“ನಾ ಎಷ್ಟು ಘಾಬರಿ ಆದೆ ಗೊತ್ತೇನ್ರಿ? ಅದರ ಹಿಂದಿನ ವಾರ ನಿಮಗ ಬೀಪಿ ಜಾಸ್ತಿ ಆಗಿ ಚಕ್ಕರ್ ಬಂದಿತ್ತು. ಮತ್ತ ಚಕ್ಕರ್ ಬಂತು ಅನಕೊಂಡೆ. ಮುಖ ನೋಡಿದೆ. ನೀವು ಗಪ್ ಕೂತಿದ್ರಿ. ಲಗೂನ ಮುಗಸಿ ನಿಮಗ ನೀರ್ ಕೊಡಬೇಕು ಅಂತ ಹಾಡಿದೆ. ಮ್ಯಾಲಿನ ಸಾ ಹತ್ತತೈತೋ ಇಲ್ಲೋ ಅನ್ನೂದ ಮರತಹೋತು.”

ಅವಳಿಗೆ ಆ ಷಡ್ಜ ಸಿಕ್ಕಿದ್ದು ನಾನು ಕಲಿಸಿದ್ದರಿಂದಲೂ ಅಲ್ಲ, ಕೈ ಎತ್ತಿದ್ದರಿಂದ ಬಂದ ಧೈರ್ಯದಿಂದಲೂ ಅಲ್ಲ. ಪಕ್ಕದಲ್ಲಿ ಕೂತ ಮುದುಕಿ ಬಿದ್ದುಹೋದಾಳು ಅನ್ನುವ ಹೆದರಿಕೆಯಲ್ಲಿ ಅವಳು ತನ್ನ ಹೆದರಿಕೆಯನ್ನು ಕೆಳಗಿಟ್ಟಿದ್ದಳು. ಇದನ್ನು ಯಾವ ಗುರು ಯಾರಿಗೆ ಹೇಳಿಕೊಡಬಲ್ಲ? ಈ ಕೆಲಸಕ್ಕೆ ಹೊಸದಾಗಿ ಬಂದವರೇ, ನೀವು ಪಕ್ಕದಲ್ಲಿ ಕೂತು ಏನು ಮಾಡಿದಿರೋ ಅದು ನಿಮಗೆ ಗೊತ್ತಿರುತ್ತದೆ. ಹಾಡುವವರಿಗೆ ಅದು ಏನಾಗಿ ಮುಟ್ಟಿತು ಅನ್ನುವುದು ಅವರು ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ನನಗೆ ಒಬ್ಬಳು ಹೇಳಿದಳು. ಉಳಿದವರು ಹೇಳದೆ ಹೋಗಿದ್ದಾರೆ.

“ನನಗೇನೂ ಆಗಿರಲಿಲ್ಲ,” ಅಂದೆ. “ನಿನಗ ಸಹಾಯ ಮಾಡಬಾರದು ಅಂತ ಕೈ ತಗದೆ. ಇಟ್ಟಿದ್ರ ಒತ್ತತಿದ್ದೆ.”

ಅವಳು ಏಪ್ರನ್ ಪೂರ್ತಿ ಬಿಚ್ಚಿ ತೋಳಿನ ಮೇಲೆ ಹಾಕಿಕೊಂಡಳು.

“ಅಲ್ಲಿ ತರಗತಿಯೊಳಗ ದಿನಾ ನೀವ ಪೇಟಿ ನುಡಸ್ತೀರೇನ್ರಿ?”

“ಹೌದು. ರಿಟೈರ್ ಆಗೋತನ.”

“ನಡುವ ಮತ್ತ ಹಂಗ ಕೈ ತಗೀತೀರೇನು?”

“ತಗೀಬೇಕಾದ್ರ ತಗೀತೀನಿ.”

“ಮೊದಲ ಹೇಳಿ ತಗೀರಿ.”

“ಹೇಳೂದಿಲ್ಲ.”

ಆಗ ನಕ್ಕಳು. ಏಪ್ರನ್ನನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು, “ಸೂಪರ್‌ವೈಸರಿಗೆ ಕೊಟ್ಟು ಬರ್ತೀನಿ, ನಿಲ್ರಿ,” ಅಂತ ಹೇಳಿ ಮತ್ತೆ ಗೇಟಿನ ಒಳಗೆ ಹೋದಳು.

ಆ ರಾತ್ರಿ ನಾನು ಪಂಚವಟಿಯಲ್ಲಿ ಹಳೆಯ ಪರಿಚಯದವರ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದಾಗ ಅಂಬಿಕಾ ಒಂದು ಚೀಲ, ಒಂದು ಸುತ್ತಿದ ಹಾಸಿಗೆ ಇಟ್ಟುಕೊಂಡು ನಿಂತಿದ್ದಳು. ಶಾಂತಮ್ಮನಿಗೆ ಕೆಲಸ ಬಿಟ್ಟು ಬರಲಾಗಿರಲಿಲ್ಲ. ಮಲ್ಲಪ್ಪ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದ. ನನ್ನ ಜೊತೆಗೂ ಮಗಳ ಜೊತೆಗೂ ಏನೂ ಮಾತಾಡಲಿಲ್ಲ. ಹಾಸಿಗೆಯನ್ನು ತಾನೇ ಹೊತ್ತು ಬಸ್ಸಿನೊಳಗೆ ತಂದು ಸೀಟಿನ ಕೆಳಗೆ ತುರುಕಿದ. ಚೀಲವನ್ನು ಮೇಲಿಟ್ಟ. ಕೆಳಗಿಳಿಯುವಾಗ ಬಾಗಿಲಲ್ಲಿ ಟಿಕೆಟ್ ಮಶೀನು ಹಿಡಿದು ನಿಂತಿದ್ದ ಕಂಡಕ್ಟರನ ಎದುರು ನಿಂತ. ಅವನೇನೂ ಕೇಳಿರಲಿಲ್ಲ.

“ಮಾಝೀ ಮುಲಗೀ ಗಾಣಂ ಶಿಕಾಯಲಾ ಚಾಲಲೀ,” ಅಂದ ಮಲ್ಲಪ್ಪ, ತನ್ನ ಒಡಕು ಮರಾಠಿಯಲ್ಲಿ, ಇಡೀ ಬಸ್ಸಿಗೆ ಕೇಳುವ ಹಾಗೆ. ನನ್ನ ಮಗಳು ಹಾಡು ಕಲಿಯಲು ಹೊರಟಿದ್ದಾಳೆ.

ಕಂಡಕ್ಟರ್ ಒಂದು ಸಲ ಅವನನ್ನು ನೋಡಿದ, ಒಂದು ಸಲ ಅಂಬಿಕಾಳನ್ನು ನೋಡಿದ. “ಜಾವೂ ದ್ಯಾ, ಕಾಕಾ, ಚಾಂಗಲಂ ಆಹೇ,” ಅಂತ ಹೇಳಿ ಬೆಲ್ಲು ಹೊಡೆದ. ಹೋಗಲಿ ಬಿಡಿ, ಒಳ್ಳೆಯದೇ ಅಂತ. ಮಲ್ಲಪ್ಪ ಇಳಿದ, ಬಸ್ಸು ಹೊರಟಿತು. ಅಂಬಿಕಾ ನಾಚಿಕೆಯಿಂದ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಿದ್ದಳು, ಅಪ್ಪ ಕಣ್ಣಿಗೆ ಮರೆಯಾಗುವವರೆಗೂ ತಿರುಗಿಸಿಕೊಂಡೇ ಇದ್ದಳು.